ಪದಗಳ ತವರನ್ನು ಅರಸಿದ ಫರ್ಡಿನಾಂಡ್ ಕಿಟ್ಟೆಲ್

ಶತಮಾನೋತ್ಸವದ ಈ ಸಂಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿಕೊಂಡಾಗ, ನಾವು ಯಾರಾದರೊಬ್ಬ ಸಂತರನ್ನು ಆರಿಸಿಕೊಳ್ಳುವೆವೆಂದು ಅವರು ಭಾವಿಸಿದ್ದಿರಬೇಕು. ನಾವು ಆರಿಸಿಕೊಂಡವರು ಸಂತರಲ್ಲ, ನಮ್ಮ ಕಥೋಲಿಕ ಧರ್ಮಸಭೆಗೆ ಸೇರಿದವರೂ ಅಲ್ಲ. ಅವರು ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲರು. ಈ ಆಯ್ಕೆಗೆ ಕಾರಣವನ್ನು ಹೇಳುವುದು ನಮ್ಮ ಕರ್ತವ್ಯ.

ಕೆಲವು ವರ್ಷಗಳ ಹಿಂದೆ ಗರಿಗಳ ಭಾನುವಾರದ ಮೆರವಣಿಗೆ ಮುಗಿದ ಮೇಲೆ, ಬ್ಯಾಡಗಿಯ ಕಡೆಯ ಹಿರಿಯ ತಾಯಿಯೊಬ್ಬರು ನಮ್ಮ ಬಳಿಗೆ ಬಂದು, ಪ್ರತಿ ವರ್ಷವೂ ಹೊಸ ಅನ್ನವನ್ನು ಏಕೆ ಹಾಡುತ್ತೇವೆ, ಈಗ ಸುಗ್ಗಿಯೂ ಅಲ್ಲವಲ್ಲ, ಎಂದು ಕೇಳಿದರು. ನಮಗೆ ಮೊದಲು ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಆ ತಾಯಿ ತಮ್ಮ ಜೀವಮಾನವೆಲ್ಲ 'ಹೊಸಾನ್ನ' ಎಂಬ ಪದವನ್ನು ಹೊಸ ಅನ್ನವೆಂದೇ ತಿಳಿದು, ವರ್ಷದ ಅನ್ನಕ್ಕಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುತ್ತ ಬಂದಿದ್ದರು. ಪಕ್ಕದಲ್ಲಿದ್ದ ಹುಡುಗರು ನಕ್ಕರು. ನಾವು ನಗಲಿಲ್ಲ. ಏಕೆಂದರೆ ಅಂಥದೇ ತಪ್ಪನ್ನು ನಾವು ಪ್ರಸಂಗ ಪೀಠದ ಮೇಲೆ ನಿಂತು ಮಾಡಿದ್ದೆವು. ಗುರುದೀಕ್ಷೆ ಪಡೆದ ಹೊಸತರಲ್ಲಿ, ಯೇಸುಸ್ವಾಮಿ ತಂದೆಯನ್ನು ಸಂಬೋಧಿಸಿದ 'ಅಬ್ಬಾ' ಎಂಬ ಪದವೂ ನಮ್ಮ ಕನ್ನಡದ 'ಅಪ್ಪ'ನೂ ಒಂದೇ ಪದವೆಂದು ಬಹಳ ಉತ್ಸಾಹದಿಂದ ಬೋಧಿಸಿದೆವು. ಪೂಜೆ ಮುಗಿದ ಮೇಲೆ ನಿವೃತ್ತ ಶಿಕ್ಷಕರೊಬ್ಬರು ಬಂದು, ಹಾಗಾದರೆ ಕನ್ನಡವು ಹೀಬ್ರೂವಿನ ಮಗಳೋ ತಂಗಿಯೋ ಎಂದು ವಿನಯದಿಂದಲೇ ವಿಚಾರಿಸಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಗುರುಮಠದಲ್ಲಿ ನಾವು ಹೀಬ್ರೂ ಕಲಿತದ್ದು ಅಲ್ಪ. ಕನ್ನಡವನ್ನು ಅದಕ್ಕಿಂತಲೂ ಅಲ್ಪ ಕಲಿತೆವೆಂದು ಇಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಆ ದಿನಗಳಲ್ಲಿಯೇ ನಾವು ಕಿಟ್ಟೆಲರ ನಿಘಂಟನ್ನು ಕೈಗೆತ್ತಿಕೊಂಡದ್ದು. ಎರಡು ಪದಗಳು ಕಿವಿಗೆ ಒಂದೇ ಸಮನೆ ಕೇಳಿಸಿದರೆ ಅವು ಬಂಧುಗಳಾಗಬೇಕಿಲ್ಲ, ಬೇರನ್ನು ಅಗೆದು ನೋಡಬೇಕು ಎಂಬ ಪಾಠವನ್ನು ನಮಗೆ ಕಲಿಸಿದವರು ಅವರು.

ಕಿಟ್ಟೆಲರು ಜನಿಸಿದ್ದು 1832ನೆಯ ಇಸವಿ ಏಪ್ರಿಲ್ 7ರಂದು, ಜರ್ಮನಿಯ ಉತ್ತರದ ಅಂಚಿನಲ್ಲಿ, ಸಮುದ್ರ ತೀರದ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಪ್ರೊಟೆಸ್ಟೆಂಟ್ ಸಭೆಯ ಪಾದ್ರಿ. ವಿಚಿತ್ರವೆಂದರೆ ಅದೇ 1832ರಲ್ಲಿ ಮದರಾಸಿನಲ್ಲಿ ವಿಲಿಯಂ ರೀವ್ ಎಂಬುವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಗಿ ಹೊರಬಂದಿತು. ಮುಂದೆ ಆ ನಿಘಂಟನ್ನು ಹಿಂದಿಕ್ಕುವ ಮನುಷ್ಯ ಆಗ ತೊಟ್ಟಿಲಲ್ಲಿದ್ದ.

ಬಾಲಕ ಫರ್ಡಿನಾಂಡನು ಔರಿಕ್ ಪಟ್ಟಣದಲ್ಲಿ ಅಜ್ಜನ ಮನೆಯಲ್ಲಿದ್ದುಕೊಂಡು ಶಾಲೆಗೆ ಹೋದನು. ಲ್ಯಾಟಿನ್, ಗ್ರೀಕ್, ಫ್ರೆಂಚ್, ಇಂಗ್ಲಿಷ್‌ಗಳ ಜೊತೆಗೆ ಹೀಬ್ರೂ ಭಾಷೆಯನ್ನೂ ಎಳೆಯ ವಯಸ್ಸಿನಲ್ಲಿಯೇ ಕಲಿತನು. ಔರಿಕ್‌ನಲ್ಲಿ ಯೆಹೂದ್ಯರ ಸಭಾಮಂದಿರವೂ ಇತ್ತು (1938ರಲ್ಲಿ ನಾಜಿಗಳ ಕಾಲದಲ್ಲಿ ಅದು ನಾಶವಾಯಿತು). ಆ ಸೀಮೆಯ ಯೆಹೂದ್ಯರಲ್ಲಿ ಬಹುಮಂದಿ ದನದ ವ್ಯಾಪಾರಿಗಳು. ಯೆಹೂದ್ಯರು ಮನೆಯಲ್ಲಿ ಆಡುತ್ತಿದ್ದ ಯಿಡ್ಡಿಷ್ ಎಂಬುದು ಜರ್ಮನಿನ ಹತ್ತಿರದ ಬಂಧು. ಮೈ ಜರ್ಮನ್, ಉಡುಪು ಹೀಬ್ರೂ ಲಿಪಿ, ಒಡಲಿನಲ್ಲಿ ನೂರಾರು ಹೀಬ್ರೂ ಪದಗಳು. ಕಿಟ್ಟೆಲರ ಬಾಲ್ಯದ ವೇಳೆಗೆ ಜರ್ಮನಿಯಲ್ಲಿ ಅದು ಬಹುಮಟ್ಟಿಗೆ ಮರೆಯಾಗುತ್ತ ಬಂದಿದ್ದರೂ ದನದ ವ್ಯಾಪಾರಿಗಳ ಗುಟ್ಟಿನ ಮಾತಿನಲ್ಲಿ ಹೀಬ್ರೂ ಅಂಕಿಗಳು ಉಳಿದುಕೊಂಡಿದ್ದವು. ಬೆಲೆಯನ್ನು ಹತ್ತಿರ ನಿಂತವನಿಗೆ ತಿಳಿಯದಂತೆ ಹೇಳಲು ಅವು ಉಪಯೋಗವಾಗುತ್ತಿದ್ದವು. ಹಾವೇರಿಯ ದನದ ಸಂತೆಯನ್ನು ಕಂಡವರಿಗೆ ಇದು ಹೊಸದೆನಿಸದು. ನಮ್ಮ ವ್ಯಾಪಾರಿಗಳು ವಸ್ತ್ರದ ಮರೆಯಲ್ಲಿ ಕೈಬೆರಳು ಹಿಡಿದು ಮುಗಿಸುವ ಕೆಲಸವನ್ನು ಅವರು ಮೋಶೆಯ ಭಾಷೆಯಿಂದ ಮುಗಿಸುತ್ತಿದ್ದರು.

ಯಿಡ್ಡಿಷ್‌ನಲ್ಲಿ ಶುಭ ಹಾರೈಸುವಾಗ 'ಮಝಲ್' ಎಂಬ ಪದ ಬರುತ್ತದೆ. ಹೀಬ್ರೂವಿನಲ್ಲಿ ಅದಕ್ಕೆ ನಕ್ಷತ್ರಪುಂಜವೆಂದು ಅರ್ಥ, ಕ್ರಮೇಣ ಅದೃಷ್ಟವೆಂದಾಯಿತು. ಗ್ರಹಗತಿ ನೆಟ್ಟಗಿಲ್ಲವೆಂದು ನಮ್ಮ ಹಳ್ಳಿಗಳಲ್ಲಿ ಹೇಳುವಾಗ ಇರುವ ಭಾವವೇ ಅದು. ಪದಗಳು ಬೇರೆ, ಮನುಷ್ಯನ ಮನಸ್ಸು ಒಂದೇ ದಾರಿಯಲ್ಲಿ ನಡೆದಿದೆ.

ಹದಿನೆಂಟರ ಸುಮಾರಿಗೆ ಕಿಟ್ಟೆಲರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ ವಿದ್ಯಾಲಯವನ್ನು ಸೇರಿದರು. 1853ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಭರತಖಂಡಕ್ಕೆ ಬಂದರು. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದ್ದರು. ತರುಣ ಪಾದ್ರಿಯನ್ನು ಧಾರವಾಡಕ್ಕೆ ಕಳುಹಿಸಲಾಯಿತು. ಆಗ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳೆಲ್ಲವೂ ಧಾರವಾಡದ ಸೀಮೆಗೇ ಸೇರಿದ್ದವು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಸಂತ ಶಿಶುನಾಳ ಶರೀಫರು ಆ ಕಾಲದಲ್ಲಿ ಇದೇ ಸೀಮೆಯಲ್ಲಿ ಬಾಳುತ್ತಿದ್ದರೆಂಬುದನ್ನು ನೆನೆದರೆ ನಮಗೆ ಏನೋ ಸಂತೋಷ.

ಹೀಬ್ರೂ ಕಲಿತವನಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಆ ಭಾಷೆಯ ಬರವಣಿಗೆಯಲ್ಲಿ ಮೂಲತಃ ವ್ಯಂಜನಗಳು ಮಾತ್ರ ಕಾಣುತ್ತವೆ. ಸ್ವರಗಳನ್ನು ಓದುವವನೇ ತುಂಬಿಕೊಳ್ಳಬೇಕು. ಬಹುಪಾಲು ಪದಗಳು ಮೂರು ವ್ಯಂಜನಗಳ ಒಂದು ಬೇರಿನಿಂದ ಹುಟ್ಟುತ್ತವೆ. ಶ–ಲ–ಮ ಎಂಬ ಬೇರಿಗೆ ಪೂರ್ಣತೆಯೆಂದು ಅರ್ಥ. ಅದರಿಂದ 'ಶಾಲೋಮ್', ಶಾಂತಿ. ಅರಬ್ಬೀ ಭಾಷೆ ಹೀಬ್ರೂವಿನ ಒಡಹುಟ್ಟು. ಆದುದರಿಂದ ಅದೇ ಬೇರು ಅಲ್ಲಿ 'ಸಲಾಮ್' ಆಯಿತು, ನಮ್ಮ ಮುಸಲ್ಮಾನ ನೆರೆಹೊರೆಯವರ ಬಾಯಿಂದ ಕನ್ನಡಕ್ಕೂ ಸಲಾಮು ಆಗಿ ಬಂದಿತು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ದಿನವೂ ಕೇಳುವ 'ಹಿಸೇಬು' ಅರಬ್ಬಿಯಿಂದ ಬಂದುದು; ಲೆಕ್ಕ ಎಂಬರ್ಥದ ಹೀಬ್ರೂ 'ಹೆಷ್ಬೋನ್' ಅದರ ದಾಯಾದಿ. ಅಂಗಡಿಯ 'ಮಾಲೀಕ'ನಿಗೂ ಅರಸನೆಂಬರ್ಥದ 'ಮೆಲೆಕ್' ಎಂಬ ಹೀಬ್ರೂ ಪದಕ್ಕೂ ಬೇರು ಒಂದೇ. ನಮ್ಮ ಪೂಜಾವಿಧಿಯಲ್ಲಿ ಬರುವ ಮೆಲ್ಕಿಸದೇಕನ ಹೆಸರಿನ ಮೊದಲ ಭಾಗ ಅದೇ. ಇಂಥ ಬಂಧುತ್ವ ನಿಜವಾದುದು. ಅಬ್ಬಾ ಮತ್ತು ಅಪ್ಪ ಹಾಗಲ್ಲ. ಅಬ್ಬಾ ಅರಾಮಾಯಿಕ್ ಪದ, ಅಪ್ಪ ದ್ರಾವಿಡ ಪದ. ಎರಡೂ ಹಸುಗೂಸಿನ ತುಟಿಯಿಂದ ಮೊದಲು ಹೊರಡುವ ಧ್ವನಿಯಿಂದ ಬೇರೆ ಬೇರೆಯಾಗಿ ಹುಟ್ಟಿದವು. ಪ್ರಸಂಗ ಪೀಠದ ಮೇಲಿದ್ದ ನಮಗೆ ಈ ವಿವೇಕವಿರಲಿಲ್ಲ.

ಕಿಟ್ಟೆಲರು ಕನ್ನಡಕ್ಕೆ ಬಂದಾಗಲೂ ಪದವನ್ನು ಕಂಡೊಡನೆ ಅದರ ಧಾತುವನ್ನು ಕೇಳಿದರು. ಇದು ಹೀಬ್ರೂ ಪಾಠದ ಬಳುವಳಿಯೆಂದೇ ನಮ್ಮ ಊಹೆ. ಅವರು ಹಳ್ಳಿಗಳಲ್ಲಿ ಅಡ್ಡಾಡಿ, ಜನರ ಜೊತೆ ಮಾತನಾಡಿ, ಗಿಡಮೂಲಿಕೆಗಳ ಹೆಸರು, ಗಾದೆ, ಒಕ್ಕಲುತನದ ಮಾತುಗಳನ್ನೆಲ್ಲ ಬರೆದುಕೊಂಡರು. ಪಂಡಿತರ ಬಳಿ ಕುಳಿತು ಹಳಗನ್ನಡವನ್ನೂ ಸಂಸ್ಕೃತವನ್ನೂ ಓದಿದರು. 1862ರಲ್ಲಿ 'ಕಥಾಮಾಲೆ' ಎಂಬ ಹೆಸರಿನಿಂದ ಯೇಸುಸ್ವಾಮಿಯ ಚರಿತ್ರೆಯನ್ನು ನಮ್ಮ ದೇಶದ ಛಂದಸ್ಸಿನಲ್ಲಿಯೇ ರಚಿಸಿ ಪ್ರಕಟಿಸಿದರು. ಯೂರೋಪಿನ ರಾಗಗಳಿಗೆ ಕನ್ನಡ ಪದಗಳನ್ನು ಹೊಂದಿಸಿ ಹಾಡಿಸುತ್ತಿದ್ದ ಕಾಲದಲ್ಲಿ ಇದು ಸಾಮಾನ್ಯ ಸಾಹಸವಲ್ಲ. ನಮ್ಮ ಧರ್ಮಸಭೆಯಲ್ಲಿ ಈ ವಿಚಾರಕ್ಕೆ ಸಂಪೂರ್ಣ ಮನ್ನಣೆ ದೊರೆತುದು ದ್ವಿತೀಯ ವ್ಯಾಟಿಕನ್ ಮಹಾಸಭೆಯ ತರುವಾಯ, ಸರಿಸುಮಾರು ನೂರು ವರ್ಷಗಳು ಕಳೆದ ಮೇಲೆ.

ಆದರೆ ಕಥೋಲಿಕರು ಈ ಕ್ಷೇತ್ರದಲ್ಲಿ ಕೈಕಟ್ಟಿ ಕುಳಿತಿದ್ದರೆಂದು ಯಾರೂ ತಿಳಿಯಬಾರದು. 1855ರಲ್ಲಿ ಬೆಂಗಳೂರಿನಲ್ಲಿ ಕನ್ನಡ–ಲ್ಯಾಟಿನ್ ನಿಘಂಟೂ, 1861ರಲ್ಲಿ ಲ್ಯಾಟಿನ್–ಕನ್ನಡ ನಿಘಂಟೂ ನಮ್ಮ ಮಿಷನರಿಗಳಿಂದ ಅಚ್ಚಾಗಿದ್ದವು. ಅವು ಗುರುಗಳ ಉಪಯೋಗಕ್ಕೆ ಮೀಸಲಾಗಿ ಉಳಿದವು. ಕಿಟ್ಟೆಲರ ಗ್ರಂಥವು ಇಡೀ ನಾಡಿನದಾಯಿತು, ವ್ಯತ್ಯಾಸ ಅಲ್ಲಿದೆ.

ಇಷ್ಟೆಲ್ಲ ದುಡಿಮೆಯ ನಡುವೆ ಅವರ ಸಂಸಾರ ಜೀವನ ಸುಖಕರವಾಗಿರಲಿಲ್ಲ. 1860ರಲ್ಲಿ ಅವರ ಕೈಹಿಡಿದ ಪೌಲೀನಾ ಎಂಬ ಸಾಧ್ವಿಯು ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ತೀರಿಕೊಂಡರು. ತರುವಾಯ ಅವರ ತಂಗಿ ಯೂಲಿಯೆಯವರನ್ನು ಕಿಟ್ಟೆಲರು ವರಿಸಿದರು. ಮಿಷನ್ನಿನ ಹಿರಿಯರೊಂದಿಗೂ ಅವರಿಗೆ ಹೊಂದಿಕೆ ಸಾಲದಾಗಿತ್ತು. ಮತಬೋಧನೆಗಾಗಿ ಕಳುಹಿಸಿದ ಮನುಷ್ಯ ತಾಳೆಯೋಲೆಗಳ ಮುಂದೆ ಕುಳಿತಿರುವುದನ್ನು ಕಂಡು ಅವರಿಗೆ ಅಸಮಾಧಾನವಾಗುತ್ತಿತ್ತು. ಹಿರಿಯರ ಪಕ್ಷದಲ್ಲಿಯೂ ನ್ಯಾಯವಿಲ್ಲವೆಂದು ನಾವು ಹೇಳಲಾರೆವು; ಸೀಮಿತ ಹಣದಿಂದ, ದೂರದ ಭಕ್ತರ ಕಾಣಿಕೆಯಿಂದ ನಡೆಯುವ ಸಂಸ್ಥೆಗೆ ಲೆಕ್ಕ ಒಪ್ಪಿಸುವ ಹೊಣೆಯಿರುತ್ತದೆ. ಧರ್ಮಕೇಂದ್ರವನ್ನು ನಡೆಸಿದವರಿಗೆ ಅದು ತಿಳಿದಿರುವ ಸಂಗತಿ. ಆದರೆ ಜನರ ಮಾತನ್ನು ಬೇರಿನಿಂದ ಅರಿಯದೆ ಅವರ ಹೃದಯಕ್ಕೆ ದೇವರ ವಾಕ್ಯವನ್ನು ಮುಟ್ಟಿಸುವುದು ಹೇಗೆ? ಕಿಟ್ಟೆಲರು ಈ ಪ್ರಶ್ನೆಯನ್ನು ಬಿಟ್ಟುಕೊಡಲಿಲ್ಲ; ಅದಕ್ಕೆ ತಕ್ಕ ಬೆಲೆಯನ್ನೂ ತೆತ್ತರು.

ಧಾರವಾಡ, ಮಂಗಳೂರು, ಮಡಿಕೇರಿ ಹೀಗೆ ಊರೂರು ಬದಲಾದರೂ ಕೆಲಸ ನಿಲ್ಲಲಿಲ್ಲ. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ, 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿ ಹೊರತಂದರು. ಸಂಸ್ಕೃತ ನಿಘಂಟುಗಳಲ್ಲಿ ಅಡಗಿ ಕುಳಿತಿರುವ ದ್ರಾವಿಡ ಪದಗಳ ಮೇಲೆ 1872ರಲ್ಲಿಯೇ ಒಂದು ಲೇಖನ ಬರೆದರು. ಎಲ್ಲ ಪದಗಳೂ ಸಂಸ್ಕೃತದಿಂದ ದಕ್ಷಿಣಕ್ಕೆ ಇಳಿದು ಬಂದವೆಂಬ ನಂಬಿಕೆ ಬಲವಾಗಿದ್ದಾಗ, ಇಲ್ಲಿಂದಲೂ ಪದಗಳು ಹೊರಟಿವೆಯೆಂದು ತೋರಿಸಿದ್ದು ಅವರ ಧೈರ್ಯ.

ಇಲ್ಲಿಂದ ಹೊರಟ ಪದಗಳು ಎಲ್ಲಿಯವರೆಗೆ ಹೋದವು ಎಂಬ ಮಾತಿಗೆ ಬಂದಾಗ ನಮ್ಮ ಪವಿತ್ರ ಗ್ರಂಥವನ್ನೇ ತೆರೆಯಬೇಕಾಗುತ್ತದೆ. ಅರಸುಗಳ ಮೊದಲನೆಯ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ಸೊಲೊಮೋನನ ಹಡಗುಗಳು ಮೂರು ವರ್ಷಗಳಿಗೊಮ್ಮೆ ಬಂಗಾರ, ಬೆಳ್ಳಿ, ದಂತ, ಕೋತಿ ಮತ್ತು ನವಿಲುಗಳನ್ನು ಹೊತ್ತು ತರುತ್ತಿದ್ದವೆಂದು ಬರೆದಿದೆ. ನವಿಲಿಗೆ ಅಲ್ಲಿರುವ ಹೀಬ್ರೂ ಪದ 'ತುಕ್ಕಿ'. ಇದು ಹೀಬ್ರೂವಿನ ಬೇರಿನಿಂದ ಹುಟ್ಟಿದ್ದಲ್ಲ. ತಮಿಳಿನಲ್ಲಿ ನವಿಲಿನ ಗರಿಗಟ್ಟಿಗೆ 'ತೋಗೈ' ಎಂದೂ ಕನ್ನಡದಲ್ಲಿ ಬಾಲಕ್ಕೆ 'ತೋಕೆ' ಎಂದೂ ಹೆಸರು. ಆ ಪದವೇ ಹಡಗೇರಿ ಹೋಗಿ ತುಕ್ಕಿ ಆಯಿತೆಂದು ಕಾಲ್ಡ್‌ವೆಲ್ ಪಾದ್ರಿಗಳು 1856ರ ತಮ್ಮ ದ್ರಾವಿಡ ವ್ಯಾಕರಣದಲ್ಲಿ ವಾದಿಸಿದರು. ಅನೇಕ ವಿದ್ವಾಂಸರು ಅದನ್ನು ಒಪ್ಪಿದ್ದಾರೆ. ತುಕ್ಕಿ ಎಂದರೆ ನವಿಲಲ್ಲ, ಇನ್ನೊಂದು ಜಾತಿಯ ಕೋತಿಯೆಂದು ಹೇಳುವವರೂ ಇದ್ದಾರೆ. ಇಲ್ಲಿ ಪದದ ಧ್ವನಿಯ ಜೊತೆಗೆ ವ್ಯಾಪಾರದ ಮಾರ್ಗವೂ, ಪಕ್ಷಿಯ ಸ್ವದೇಶವೂ ಸಾಕ್ಷಿಗೆ ನಿಲ್ಲುವುದರಿಂದ ನಮ್ಮ ಒಲವು ಕಾಲ್ಡ್‌ವೆಲ್ಲರ ಕಡೆಗೆ. ನಮ್ಮ ಜಿಲ್ಲೆಯ ಬಂಕಾಪುರದ ಕೋಟೆಯಲ್ಲಿ ಇಂದಿಗೂ ನವಿಲುಗಳು ಹಿಂಡುಹಿಂಡಾಗಿವೆ; 2006ರಲ್ಲಿ ಸರ್ಕಾರ ಆ ಸ್ಥಳವನ್ನು ನವಿಲುಧಾಮವೆಂದು ಘೋಷಿಸಿತು. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಸೊಲೊಮೋನನ ಹಡಗುಗಳ ಕಥೆಯನ್ನೂ ಹೇಳುವುದುಂಟು.

ಇನ್ನೊಂದು ಪದವಿದೆ, ಅದನ್ನು ನೆನೆದಾಗಲೆಲ್ಲ ನಮ್ಮ ಮನಸ್ಸು ಕರಗುತ್ತದೆ. ಶುಭಶುಕ್ರವಾರ ಯೊವಾನ್ನರ ಶುಭಸಂದೇಶದಿಂದ ಯಾತನೆಯ ಚರಿತ್ರೆಯನ್ನು ಓದುವಾಗ, ನಿಕೊದೇಮನು ರಕ್ತಬೋಳ ಮತ್ತು ಅಗರುಗಳ ಚೂರ್ಣವನ್ನು ನೂರು ಸೇರಿನಷ್ಟು ತಂದನೆಂದು ಕೇಳುತ್ತೇವೆ. ಅಗರಿಗೆ ಹೀಬ್ರೂವಿನಲ್ಲಿ 'ಅಹಾಲೀಮ್'. ಗ್ರೀಕಿನಲ್ಲಿ ಅದು 'ಅಲೋಯೆ' ಆಯಿತು. ಆ ಮರವು ಪ್ಯಾಲೆಸ್ತೀನಿನದಲ್ಲ, ನಮ್ಮ ಪೂರ್ವ ದೇಶಗಳದು; ಹೆಸರೂ ದ್ರಾವಿಡರ 'ಅಗಿಲ್' ಎಂಬುದರಿಂದ ಹೋದದ್ದೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಹಳಗನ್ನಡದ ಅಗಿಲ್ ಕೂಡ ಅದೇ. ಪ್ರಭುವಿನ ಪಾರ್ಥಿವ ದೇಹವನ್ನು ಸುತ್ತಿದ ನಾರುಬಟ್ಟೆಯ ಮಡಿಕೆಯೊಳಗೆ ನಮ್ಮ ದಕ್ಷಿಣದ ಒಂದು ಪದವೂ ಇತ್ತು. ಕ್ರೈಸ್ತ ಧರ್ಮವು ಹೊರಗಿನದೆಂದು ಯಾರಾದರೂ ಹಂಗಿಸಿದಾಗ ನಮ್ಮ ಯುವಕರು ತಲೆ ತಗ್ಗಿಸುವುದನ್ನು ನಾವು ಕಂಡಿದ್ದೇವೆ. ಅವರಿಗೆ ನಾವು ಹೇಳುವುದು ಈ ಪದದ ಕಥೆಯನ್ನೇ.

ಹತ್ತಿ ಬೆಳೆಯುವ ರಾಣೇಬೆನ್ನೂರಿನವರಿಗೂ ಒಂದು ಪಾಲು ಸಲ್ಲಬೇಕು. ಎಸ್ತೇರಳ ಗ್ರಂಥದ ಮೊದಲ ಅಧ್ಯಾಯದಲ್ಲಿ ಪಾರಸಿಯ ಅರಮನೆಯ ಪರದೆಗಳ ಬಟ್ಟೆಗೆ 'ಕರ್ಪಸ್' ಎಂಬ ಪದವಿದೆ. ಅದು ಸಂಸ್ಕೃತದ ಕಾರ್ಪಾಸ, ನಮ್ಮ ಹತ್ತಿ. ಬ್ಯಾಡಗಿಯವರು ಮುನಿಸಿಕೊಳ್ಳಬಾರದೆಂದು ಇನ್ನೊಂದು ಮಾತು. ಮೆಣಸಿಗೆ ಹೀಬ್ರೂವಿನಲ್ಲಿ 'ಪಿಲ್ಪೆಲ್'. ಸಂಸ್ಕೃತದ ಪಿಪ್ಪಲಿ, ಕನ್ನಡದ ಹಿಪ್ಪಲಿ ಅದರ ಮೂಲ. ಯೆಹೂದ್ಯ ಪಂಡಿತರು ಧರ್ಮಶಾಸ್ತ್ರದ ಮೇಲೆ ನಡೆಸುವ ಖಾರವಾದ ಚರ್ಚೆಗೆ 'ಪಿಲ್ಪುಲ್' ಎಂಬ ಹೆಸರನ್ನು ಅದರೊಂದಿಗೆ ಸೇರಿಸಿ ಹೇಳುತ್ತಾರೆ. ಬ್ಯಾಡಗಿಯ ಮೆಣಸಿನಕಾಯಿಯಾದರೋ ಬಣ್ಣಕ್ಕೆ ಹೆಸರಾದುದೇ ಹೊರತು ಖಾರಕ್ಕಲ್ಲ. ನಮ್ಮ ಧರ್ಮಕೇಂದ್ರದ ಸಭೆಗಳೂ ಹಾಗೆಯೇ ನಡೆದರೆ ಚೆನ್ನಾಗಿತ್ತು!

ಮತ್ತೆ ಕಿಟ್ಟೆಲರ ಕಡೆಗೆ ಬರೋಣ. 1877ರಲ್ಲಿ ದೇಹಾರೋಗ್ಯ ಕೆಟ್ಟು ಅವರು ಜರ್ಮನಿಗೆ ಹಿಂದಿರುಗಿದರು. ಅಲ್ಲಿಯೇ ಉಳಿದುಬಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ನಿಘಂಟಿನ ಕೆಲಸಕ್ಕೆ ಕನ್ನಡಿಗರ ನಾಲಗೆ ಬೇಕಾಗಿತ್ತು. ಐವತ್ತು ದಾಟಿದ ವಯಸ್ಸಿನಲ್ಲಿ, 1883ರಲ್ಲಿ, ಮತ್ತೆ ಹಡಗು ಹತ್ತಿದರು. ಸುಮಾರು ಒಂಬತ್ತು ವರ್ಷಗಳ ಕಾಲ ದುಡಿದು 1892ರಲ್ಲಿ ಶಾಶ್ವತವಾಗಿ ಮರಳಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಆ ಮಹಾಗ್ರಂಥವನ್ನು ಪ್ರಕಟಿಸಿದರು. 1,700ಕ್ಕೂ ಮಿಗಿಲಾದ ಪುಟಗಳು, ಸುಮಾರು 70,000 ಪದಗಳು. ಕನ್ನಡ ಪದದ ಎದುರಿಗೆ ತಮಿಳು, ತೆಲುಗು, ಮಲಯಾಳಂ, ತುಳು ಭಾಷೆಗಳ ಬಂಧುಗಳನ್ನು ಹೆಸರಿಸಿ, ಸಂಸ್ಕೃತದಿಂದ ಬಂದದ್ದನ್ನೂ ಮರಾಠಿ, ಹಿಂದುಸ್ತಾನಿಗಳಿಂದ ಬಂದದ್ದನ್ನೂ ಗುರುತು ಹಾಕಿ, ಅರ್ಥ ವಿವರಿಸಿದ್ದಾರೆ.

ನಮ್ಮ ಸೀಮೆಯ ಓದುಗರು ಗಮನಿಸಬೇಕಾದ ಒಂದು ಗುರುತು ಅದರಲ್ಲಿದೆ. ಮೈಸೂರಿನ ಕಡೆಯ ಬಳಕೆಗೆ ಒಂದು ಸಂಕೇತವನ್ನಿಟ್ಟಂತೆ, ದಕ್ಷಿಣ ಮರಾಠ ಸೀಮೆಯ, ಎಂದರೆ ನಮ್ಮ ಧಾರವಾಡ ಭಾಗದ ಬಳಕೆಗೆ ಕಿಟ್ಟೆಲರು ಬೇರೊಂದು ಸಂಕೇತವನ್ನು ಇಟ್ಟಿದ್ದಾರೆ. ಇಲ್ಲಿಯ ಮಾತು ಒರಟು, ಅಶುದ್ಧ ಎಂದು ಅವರು ತಳ್ಳಿಹಾಕಲಿಲ್ಲ. ನಾವು ಈ ಭಾಗಕ್ಕೆ ಹೊಸದಾಗಿ ಬಂದಾಗ, ಒಂದು ಭಾನುವಾರ ಪೂಜೆಯ ಸಮಯವನ್ನು ಬದಲಿಸೋಣವೇ ಎಂದು ಹಿರಿಯರನ್ನು ಕೇಳಿದೆವು. ಅಡ್ಡಿಯಿಲ್ಲ ಎಂದರು. ಮನಸ್ಸಿಲ್ಲದ ಒಪ್ಪಿಗೆಯೆಂದು ತಿಳಿದು ನಾವು ಹಳೆಯ ಸಮಯವನ್ನೇ ಉಳಿಸಿಕೊಂಡೆವು. ಅವರೆಲ್ಲ ಹೊಸ ಸಮಯಕ್ಕೆ ಬಂದರು. ಈ ನಾಡಿನಲ್ಲಿ ಅಡ್ಡಿಯಿಲ್ಲ ಎಂದರೆ ಬಹಳ ಚೆನ್ನಾಯಿತು ಎಂದು ಅರ್ಥವೆಂಬುದು ಅಂದು ನಮಗೆ ತಿಳಿಯಿತು. ಹೀಬ್ರೂ ಪದಗಳಿಗೆ ಮಾತ್ರವಲ್ಲ, ನೆರೆಮನೆಯ ಮಾತಿಗೂ ನಿಘಂಟು ಬೇಕಾಗುತ್ತದೆ.

ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1896ರಲ್ಲಿ ಕಿಟ್ಟೆಲರಿಗೆ ಡಾಕ್ಟರೇಟ್ ಪದವಿಯನ್ನಿತ್ತು ಗೌರವಿಸಿತು. ವೃದ್ಧಾಪ್ಯದಲ್ಲಿಯೂ ಅವರು ಲೇಖನಿಯನ್ನು ಕೆಳಗಿಡದೆ ಕನ್ನಡದ ಒಂದು ದೊಡ್ಡ ವ್ಯಾಕರಣವನ್ನು ಬರೆದು ಮುಗಿಸಿದರು. ಅದು 1903ರಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಕ್ರಿಸ್ತ ಜಯಂತಿಗೆ ಒಂದು ವಾರವಿರುವಾಗ, ಟ್ಯೂಬಿಂಗನ್ನಿನಲ್ಲಿ ಅವರು ದೈವಾಧೀನರಾದರು. ನಿಘಂಟನ್ನು ಮದರಾಸು ವಿಶ್ವವಿದ್ಯಾನಿಲಯವು ಎಂ. ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ಮತ್ತೆ ಪ್ರಕಟಿಸಿತು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ.

ಇನ್ನು ಆ ಹಿರಿಯ ತಾಯಿಯ ಪ್ರಶ್ನೆಗೆ ನಾವು ಕೊಟ್ಟ ಉತ್ತರವನ್ನು ಹೇಳಬೇಕು. ಹೊಸಾನ್ನ ಎಂಬುದು 'ಹೋಷಿಯಾ–ನಾ' ಎಂಬ ಹೀಬ್ರೂ ಮಾತು. ರಕ್ಷಿಸು, ದಯವಿಟ್ಟು ರಕ್ಷಿಸು ಎಂದು ಅದರರ್ಥ. ಜಯಘೋಷವಾಗುವ ಮುನ್ನ ಅದು ಆರ್ತನಾದವಾಗಿತ್ತು. ರಕ್ಷಿಸು ಎಂಬ ಆ ಬೇರಿನಿಂದಲೇ ಯೇಸು ಎಂಬ ದಿವ್ಯನಾಮವೂ ಹುಟ್ಟಿದೆ. ಜೆರುಸಲೇಮಿನ ಜನರು ಗರಿ ಹಿಡಿದು ಕೂಗಿದಾಗ ತಮಗರಿವಿಲ್ಲದೆ ಸ್ವಾಮಿಯ ಹೆಸರಿನ ಬೇರನ್ನೇ ಕೂಗುತ್ತಿದ್ದರು. 'ಅಲ್ಲೆಲೂಯ' ಎಂದರೆ ಸರ್ವೇಶ್ವರನನ್ನು ಸ್ತುತಿಸಿರಿ ಎಂದು. ಅದು ಬಹುವಚನ, ಒಬ್ಬನೇ ಹೇಳಿಕೊಳ್ಳುವ ಮಾತಲ್ಲ, ಇತರರನ್ನು ಕರೆಯುವ ಮಾತು. 'ಆಮೆನ್' ಎಂಬುದರ ಬೇರಿಗೆ ಗಟ್ಟಿಯಾಗಿ ನಿಲ್ಲುವುದೆಂದು ಅರ್ಥ; ವಿಶ್ವಾಸ, ಸತ್ಯ ಎಂಬ ಹೀಬ್ರೂ ಪದಗಳೂ ಅದರ ಮಕ್ಕಳೇ. ಪೂಜೆಯಲ್ಲಿ ಅದನ್ನು ಗುನುಗಿ ಮುಗಿಸುವ ನಮ್ಮ ಪದ್ಧತಿ ಆ ಪದಕ್ಕೆ ಒಪ್ಪುವುದಿಲ್ಲ.

ತಾಯಿ ಎಲ್ಲವನ್ನೂ ಕೇಳಿದರು. ಹಾಗಾದರೆ ಅನ್ನಕ್ಕೂ ದೇವರಿಗೂ ಆ ಭಾಷೆಯಲ್ಲಿ ಸಂಬಂಧವೇ ಇಲ್ಲವೇ ಎಂದು ತುಸು ಖಿನ್ನರಾಗಿ ಕೇಳಿದರು. ನಾವು ಬೆತ್ಲೆಹೇಮಿನ ಹೆಸರನ್ನು ಬಿಡಿಸಿ ಹೇಳಿದೆವು. 'ಬೇತ್' ಎಂದರೆ ಮನೆ, 'ಲೆಹೆಮ್' ಎಂದರೆ ರೊಟ್ಟಿ. ಸ್ವಾಮಿ ಹುಟ್ಟಿದ್ದು ರೊಟ್ಟಿಯ ಮನೆಯಲ್ಲಿ. ಜೋಳದ ರೊಟ್ಟಿ ತಟ್ಟಿಯೇ ಮಕ್ಕಳನ್ನು ಸಾಕಿದ ಆ ತಾಯಿಯ ಮುಖ ಅರಳಿತು. ಮರುವರ್ಷದ ಗರಿಗಳ ಭಾನುವಾರವೂ ಅವರು ಮೆರವಣಿಗೆಯ ಮುಂದಿನ ಸಾಲಿನಲ್ಲಿದ್ದರು. ಹೊಸಾನ್ನದ ಉಚ್ಚಾರಣೆ ಮಾತ್ರ ಮೊದಲಿನಂತೆಯೇ ಇತ್ತು. ನಾವು ತಿದ್ದಲಿಲ್ಲ.

ಕಿಟ್ಟೆಲರ ನಿಘಂಟಿನ ಸಂಪುಟಗಳನ್ನು ಈಗ ನಮ್ಮ ಧರ್ಮಕೇಂದ್ರದ ವಾಚನಾಲಯದಲ್ಲಿ ಇರಿಸಲಾಗಿದೆ. ಭಾನುವಾರ ಪೂಜೆಯ ನಂತರ ಯಾರು ಬೇಕಾದರೂ ಬಂದು ನೋಡಬಹುದು. ಸಂಪುಟಗಳು ಭಾರವಾಗಿವೆ, ಮಕ್ಕಳು ನೋಡುವಾಗ ದೊಡ್ಡವರೊಬ್ಬರು ಜೊತೆಯಲ್ಲಿರಲಿ.